ಗ್ಯಾಸ್ ಹೋಗುವುದು ಎಲ್ಲಿಗೆ: ಮುಲುಂಡಿನ ಒಂದು ಎಸಿ ದುರಸ್ತಿಯ ದಾಖಲೆ

ಮುಲುಂಡ್ ಪೂರ್ವದ ಒಂದು ಕಟ್ಟಡದ ನಾಲ್ಕನೆಯ ಮಹಡಿಯಿಂದ ನನಗೆ ಕರೆ ಬಂದದ್ದು ಮೇ ತಿಂಗಳ ಎರಡನೆಯ ವಾರದಲ್ಲಿ. ಎಸಿ ದುರಸ್ತಿಯನ್ನೇ ಕಸುಬಾಗಿಸಿಕೊಂಡವರಿಗೆ ಮುಂಬಯಿಯ ಮೇ ಎಂದರೆ ಮಧ್ಯಾಹ್ನದ ಊಟವನ್ನು ಸಂಜೆ ಐದಕ್ಕೆ ಉಣ್ಣುವ ತಿಂಗಳು. ವಿದರ್ಭದ ಊರುಗಳಂತೆ ಇಲ್ಲಿ ಪಾದರಸ 45ಕ್ಕೆ ಏರುವುದಿಲ್ಲ, ಸಾಮಾನ್ಯವಾಗಿ 33–34 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ; ಆದರೆ ಕಡಲ ತೇವವೆಲ್ಲ ಗಾಳಿಯಲ್ಲಿ ತುಂಬಿಕೊಂಡಿರುವುದರಿಂದ ಇಲ್ಲಿನ ಎಸಿ ಗಾಳಿಯನ್ನು ತಣಿಸುವುದರ ಜೊತೆಗೆ ಅದರಿಂದ ನೀರನ್ನು ಹಿಂಡುವುದಕ್ಕೂ ಬಹಳ ದುಡಿಯಬೇಕಾಗುತ್ತದೆ. ಆದ್ದರಿಂದ ಗ್ಯಾಸ್ ಸ್ವಲ್ಪ ಕಡಿಮೆಯಾದರೂ ಮನೆಯವರಿಗೆ ಮೊದಲ ರಾತ್ರಿಯೇ ಗೊತ್ತಾಗುತ್ತದೆ.

ಮನೆಯವರು ಧಾರವಾಡದ ಕಡೆಯವರು. ರಾಯರು ಬ್ಯಾಂಕಿನಿಂದ ನಿವೃತ್ತರಾಗಿ ಹದಿನೈದು ವರ್ಷ ಕಳೆದಿದೆ. ಯಂತ್ರ ಒಂದೂವರೆ ಟನ್ನಿನ, ಕಂಪ್ರೆಸರಿನ ವೇಗವನ್ನು ತಾನೇ ಹೆಚ್ಚು ಕಡಿಮೆ ಮಾಡಿಕೊಳ್ಳುವ ಇನ್‌ವರ್ಟರ್ ಸ್ಪ್ಲಿಟ್, ಆರ್-32 ಗ್ಯಾಸಿನದು, ಹಾಕಿಸಿ ಐದನೆಯ ವರ್ಷ. ಕಳೆದ ವರ್ಷ ಮಾರ್ಚ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಬೇರೆ ಬೇರೆಯವರು ಬಂದು ಗ್ಯಾಸ್ ತುಂಬಿಸಿ ಹೋಗಿದ್ದರು. ಎರಡೂ ರಸೀದಿಗಳನ್ನು ರಾಯರು ಕಡತದಲ್ಲಿ ಜೋಪಾನವಾಗಿ ಇಟ್ಟಿದ್ದರು. ಎರಡರಲ್ಲಿಯೂ ‘ಗ್ಯಾಸ್ ಟಾಪ್-ಅಪ್’ ಎಂದು ಬರೆದಿತ್ತೇ ಹೊರತು ಎಷ್ಟು ಗ್ರಾಂ ತುಂಬಿಸಿದರು ಎಂಬುದಾಗಲಿ, ಸೋರಿಕೆ ಎಲ್ಲಿ ಎಂಬುದಾಗಲಿ ಇರಲಿಲ್ಲ.

“ತಮ್ಮಾ, ಎರಡ ಸರ್ತಿ ತುಂಬಿಸಿದ್ರು. ಗ್ಯಾಸ್ ಖಾಲಿ ಆಗೇದ ಅಂತ ಹೇಳತಾರ. ಖಾಲಿ ಆಗಿ ಅದು ಹೋಗೂದರ ಎಲ್ಲಿಗೆ?” ಎಂದು ರಾಯರು ಬಾಗಿಲಲ್ಲೇ ಕೇಳಿದರು.

ಇಷ್ಟು ನೇರವಾದ ಪ್ರಶ್ನೆಯನ್ನು ಗಿರಾಕಿಗಳು ಕೇಳುವುದು ಅಪರೂಪ. ಎಸಿಯ ಗ್ಯಾಸ್ ಸ್ಕೂಟರಿನ ಪೆಟ್ರೋಲಿನಂತೆ ಉರಿದು ಖರ್ಚಾಗುವ ವಸ್ತುವಲ್ಲ. ಒಳಗಿನ ಕಾಯಿಲ್‌ನಲ್ಲಿ ಕುದಿದು ಆವಿಯಾಗಿ ಶಾಖವನ್ನು ಹೀರಿಕೊಳ್ಳುತ್ತದೆ, ಹೊರಗಿನ ಕಾಯಿಲ್‌ನಲ್ಲಿ ದ್ರವವಾಗಿ ಆ ಶಾಖವನ್ನು ಬಿಟ್ಟುಕೊಡುತ್ತದೆ, ಮತ್ತೆ ಒಳಗೆ ಬರುತ್ತದೆ. ಹೊಲಿದು ಮುಚ್ಚಿದ ಚೀಲದೊಳಗಿನ ಕಾಳಿನಂತೆ ಅದು ಹತ್ತಾರು ವರ್ಷ ಅಷ್ಟಕ್ಕಷ್ಟೇ ಇರಬೇಕು. ಕಡಿಮೆಯಾಗಿದ್ದರೆ ಚೀಲಕ್ಕೆ ತೂತು ಬಿದ್ದಿದೆ ಎಂದೇ ಅರ್ಥ. ತೂತನ್ನು ಹುಡುಕದೆ ಕಾಳು ತುಂಬಿಸುವುದು ನಮ್ಮ ಕಸುಬಿನವರಿಗೆ ಲಾಭದ ಕೆಲಸವಾದ್ದರಿಂದ ಈ ಪದ್ಧತಿ ಸುಲಭಕ್ಕೆ ತೊಲಗುವಂತೆ ಕಾಣುವುದಿಲ್ಲ.

ಮೊದಲ ದಿನ, ಒತ್ತಡ ಅಳೆಯುವ ಗೇಜ್ ಜೋಡಿಸುವ ಮುನ್ನ, ನೋಡಬೇಕಾದದ್ದನ್ನೆಲ್ಲ ನೋಡಿದೆ. ಫಿಲ್ಟರ್ ಶುಚಿಯಾಗಿತ್ತು, ಫ್ಯಾನ್ ಸರಿಯಾಗಿ ತಿರುಗುತ್ತಿತ್ತು. ರಿಮೋಟಿನಲ್ಲಿ 18 ಡಿಗ್ರಿ ಇತ್ತು; 2020ರ ಜನವರಿಯಿಂದ ಹೊಸ ಎಸಿಗಳೆಲ್ಲ 24 ಡಿಗ್ರಿಯಲ್ಲೇ ತೆರೆದುಕೊಳ್ಳಬೇಕೆಂಬ ನಿಯಮವಿದ್ದರೂ ಕೋಣೆ ತಣ್ಣಗಾಗದಾಗ ಮನುಷ್ಯನ ಬೆರಳು ತಾನಾಗಿ ಕೆಳಗಿನ ಗುಂಡಿಯನ್ನೇ ಒತ್ತುತ್ತದೆ. ಇಪ್ಪತ್ತು ನಿಮಿಷ ಪೂರ್ಣ ವೇಗದಲ್ಲಿ ಓಡಿಸಿದ ಮೇಲೆ ಒಳಹೋಗುವ ಗಾಳಿ 31 ಡಿಗ್ರಿ, ಹೊರಬರುವ ಗಾಳಿ 25 ಡಿಗ್ರಿ ಇತ್ತು. ಆರೋಗ್ಯವಾಗಿರುವ ಯಂತ್ರದಲ್ಲಿ ಈ ವ್ಯತ್ಯಾಸ 10ರಿಂದ 14 ಡಿಗ್ರಿ ಇರಬೇಕು. ಇಲ್ಲಿ ಆರೇ ಇತ್ತು.

ಹೊರಗಿನ ಯೂನಿಟ್ ಕಿಟಕಿಯಾಚೆ ಕಬ್ಬಿಣದ ಬ್ರ್ಯಾಕೆಟ್ ಮೇಲೆ ಕುಳಿತಿತ್ತು. ನಾಲ್ಕನೆಯ ಮಹಡಿಯಲ್ಲಿ ಅಲ್ಲಿಗೆ ಹೋಗುವುದೆಂದರೆ ಕಿಟಕಿಯಿಂದ ಹೊರಗಿಳಿದು ಛಜ್ಜಾದ ಮೇಲೆ ನಿಲ್ಲುವುದು. ಸೊಂಟಕ್ಕಷ್ಟೇ ಅಲ್ಲದೆ ಎದೆ ಭುಜಗಳಿಗೂ ಬರುವ ಬೆಲ್ಟ್ ಇಲ್ಲದೆ ನಾನು ಇಳಿಯುವುದಿಲ್ಲ, ಜೊತೆಗಿರುವ ಹುಡುಗನನ್ನೂ ಇಳಿಸುವುದಿಲ್ಲ. ಹಗ್ಗವನ್ನು ಕಿಟಕಿಯ ಗ್ರಿಲ್‌ಗೆ ಕಟ್ಟುವವರೂ ಇದ್ದಾರೆ. ಗ್ರಿಲ್ಲಿನ ಸ್ಕ್ರೂ ಎಷ್ಟು ಆಳಕ್ಕೆ ಹೋಗಿದೆಯೆಂದು ಯಾರಿಗೂ ತಿಳಿಯದು, ಆದ್ದರಿಂದ ನಾನು ಒಳಗಿನ ಕಾಂಕ್ರೀಟ್ ತೊಲೆಗೆ ಬಳಸಿ ಕಟ್ಟುತ್ತೇನೆ. ಬ್ರ್ಯಾಕೆಟ್ಟಿನ ಎರಡು ಬೋಲ್ಟುಗಳ ತಲೆ ತುಕ್ಕು ಹಿಡಿದು ಬಿಸ್ಕತ್ತಿನಂತೆ ಪುಡಿಯಾಗುತ್ತಿತ್ತು. ಅವುಗಳನ್ನು ಆಗಲೇ ಬದಲಾಯಿಸಿದೆ.

ಅಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ತೆಳು ಪೈಪಿನ ವಾಲ್ವ್ ಮೇಲೆ ಕಟ್ಟಿದ್ದ ಬಿಳಿ ಮಂಜು. ಗೃಹಬಳಕೆಯ ಸ್ಪ್ಲಿಟ್‌ಗಳಲ್ಲಿ ಗ್ಯಾಸಿನ ಒತ್ತಡವನ್ನು ಇಳಿಸುವ ಭಾಗ ಸಾಮಾನ್ಯವಾಗಿ ಹೊರಗಿನ ಯೂನಿಟ್‌ನಲ್ಲೇ ಇರುವುದರಿಂದ ತೆಳು ಪೈಪು ತಣ್ಣಗಿರುವುದು ಸಹಜ, ಬೆವರುವುದೂ ಸಹಜ. ಆದರೆ ಅದರ ಮೇಲೆ ಮಂಜು ಕಟ್ಟಿದರೆ ಗ್ಯಾಸ್ ಕಡಿಮೆಯಿದೆಯೆಂದು ನೂರಕ್ಕೆ ತೊಂಬತ್ತು ಸಲ ಹೇಳಬಹುದು. ಗೇಜ್ ಜೋಡಿಸಿದಾಗ ಸಕ್ಷನ್ ಒತ್ತಡ, ಅಂದರೆ ಕಂಪ್ರೆಸರ್ ಗ್ಯಾಸನ್ನು ಎಳೆದುಕೊಳ್ಳುವ ಕಡೆಯ ಒತ್ತಡ, 70 ಪಿಎಸ್‌ಐ ತೋರಿಸಿತು. ಆರ್-32 ಈ ಒತ್ತಡದಲ್ಲಿ ಕುದಿಯುವುದು ಶೂನ್ಯಕ್ಕಿಂತ ಸುಮಾರು 10 ಡಿಗ್ರಿ ಕೆಳಗೆ. ಕಾಯಿಲ್‌ಗೆ ಬರುವ ಅಲ್ಪ ದ್ರವ ಮೊದಲ ಒಂದೆರಡು ಸಾಲುಗಳಲ್ಲೇ ಕುದಿದು ಮುಗಿಯುತ್ತದೆ. ಅಷ್ಟು ಭಾಗ ಮಾತ್ರ ಹಿಮಗಟ್ಟುತ್ತದೆ, ಉಳಿದ ಕಾಯಿಲ್ ಕೋಣೆಯಷ್ಟೇ ಬೆಚ್ಚಗಿರುತ್ತದೆ. ರಾತ್ರಿ ಹಾಸಿಗೆಯ ಮೇಲೆ ನೀರು ತೊಟ್ಟಿಕ್ಕುತ್ತದೆಂದು ಮನೆಯ ಅಮ್ಮ ಹೇಳಿದ್ದಕ್ಕೂ ಈ ಹಿಮವೇ ಕಾರಣ, ಕರಗಿದ ಮಂಜು ಟ್ರೇಗೆ ಬೀಳದೆ ಮುಂದಕ್ಕೆ ಸುರಿಯುತ್ತಿತ್ತು.

ಹಳೆಯ ಆರ್-22 ಯಂತ್ರಗಳಲ್ಲಿ ಕೈ ಪಳಗಿಸಿಕೊಂಡವರು ಇಲ್ಲಿ ಎಡವುತ್ತಾರೆ. ಆರ್-22ಕ್ಕೆ 65–70 ಪಿಎಸ್‌ಐ ಎಂದರೆ ಆರೋಗ್ಯದ ಲಕ್ಷಣ. ಅದೇ ಅಂಕಿಯನ್ನು ಆರ್-32ರಲ್ಲಿ ನೋಡಿ “ಪ್ರೆಶರ್ ಬರೋಬರ್ ಇದೆ” ಎಂದು ಹೇಳಿ ಹೋದವರನ್ನು ನಾನು ಕಂಡಿದ್ದೇನೆ. ಇದಕ್ಕೆ ಬೇಕಾದದ್ದು 120–130ರ ಆಸುಪಾಸು, ಅದೂ ಇನ್‌ವರ್ಟರ್ ಪೂರ್ಣ ವೇಗದಲ್ಲಿ ಓಡುವಾಗ. ಕಂಪ್ರೆಸರ್ ನಿಧಾನಿಸಿದಾಗ ಅಂಕಿ ತಾನಾಗಿ ಏರುತ್ತದೆ, ಆಗ ಓದಿದ ಗೇಜ್ ಸುಳ್ಳು ಹೇಳುತ್ತದೆ.

ಪೈಪುಗಳನ್ನು ಯೂನಿಟ್ಟಿಗೆ ಜೋಡಿಸುವ ಫ್ಲೇರ್ ನಟ್‌ಗಳಿಗೆ ಸಾಬೂನು ನೀರು ಬಳಿದು ನೋಡಿದೆ, ಗುಳ್ಳೆ ಬರಲಿಲ್ಲ. ಎಣ್ಣೆಯ ಕಲೆಯೂ ಇರಲಿಲ್ಲ. ಗ್ಯಾಸ್ ಸೋರುವಲ್ಲಿ ಅದರೊಂದಿಗೆ ಕಂಪ್ರೆಸರಿನ ಎಣ್ಣೆಯೂ ಹನಿ ಹನಿಯಾಗಿ ಬಂದು ಧೂಳು ಹಿಡಿಯುವುದರಿಂದ, ಸಾಬೂನಿಗಿಂತ ಮೊದಲು ಬೆರಳಿನಿಂದ ಒರೆಸಿ ನೋಡುವುದು ನನ್ನ ರೂಢಿ. ಹೊರಗೆ ಏನೂ ಸಿಗದಿದ್ದಾಗ ಉಳಿದ ಗ್ಯಾಸನ್ನು ರಿಕವರಿ ಮಶೀನಿನಿಂದ ಸಿಲಿಂಡರಿಗೆ ಎಳೆದುಕೊಂಡು ತೂಗಿದೆ: 390 ಗ್ರಾಂ. ಯಂತ್ರದ ಫಲಕದ ಮೇಲೆ ಬರೆದದ್ದು 880 ಗ್ರಾಂ. ಅಕ್ಟೋಬರ್‌ನಲ್ಲಿ ಸರಿಯಾಗಿ ತುಂಬಿಸಿದ್ದರೆಂದು ನಂಬುವುದಾದರೆ ಏಳು ತಿಂಗಳಲ್ಲಿ ಸುಮಾರು ಅರ್ಧ ಕಿಲೊ ಹೋಗಿತ್ತು. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಒಂದು ಕಿಲೊ ಆರ್-32 ಎಂದರೆ 675 ಕಿಲೊ ಇಂಗಾಲದ ಡೈಆಕ್ಸೈಡಿಗೆ ಸಮ ಎಂದು ಲೆಕ್ಕ ಹಾಕಿದ್ದಾರೆ. ಆ ಪ್ರಕಾರ ಈ ಒಂದು ಮಲಗುವ ಕೋಣೆಯಿಂದ 330 ಕಿಲೊದಷ್ಟು ಆಕಾಶ ಸೇರಿತ್ತು. ಗ್ಯಾಸನ್ನು ಕಿಟಕಿಯಾಚೆ ‘ಫುಸ್’ ಎಂದು ಬಿಟ್ಟುಬಿಟ್ಟರೆ ಮುಕ್ಕಾಲು ಗಂಟೆ ಉಳಿಯುತ್ತದೆ ಎಂಬುದು ನಿಜ. ಆದರೆ ತೂಕ ಸಿಗುವುದಿಲ್ಲ, ತೂಕವಿಲ್ಲದೆ ರೋಗದ ವೇಗ ತಿಳಿಯುವುದಿಲ್ಲ.

ಸಂಜೆ ಆರು ಗಂಟೆಗೆ ಒಣ ನೈಟ್ರೋಜನ್‌ನಿಂದ ಇಡೀ ಯಂತ್ರಕ್ಕೆ 350 ಪಿಎಸ್‌ಐ ಒತ್ತಡ ಕೊಟ್ಟೆ. ಈ ಅಂಕಿಯನ್ನು ಬಾಯಿಪಾಠ ಮಾಡಿಕೊಳ್ಳಬಾರದು. ಯಂತ್ರದ ಫಲಕದಲ್ಲಿ ಬರೆದ ಮಿತಿಯನ್ನು ನೋಡಿಯೇ ಒತ್ತಡ ಏರಿಸಬೇಕು, ರೆಗ್ಯುಲೇಟರ್ ಇಲ್ಲದೆ ನೈಟ್ರೋಜನ್ ಸಿಲಿಂಡರ್ ತೆರೆಯಬಾರದು, ನೈಟ್ರೋಜನ್ ಮುಗಿದಿದೆಯೆಂದು ಬೆಸುಗೆಯ ಆಮ್ಲಜನಕವನ್ನಂತೂ ಎಂದಿಗೂ ಬಳಸಬಾರದು. ಒತ್ತಡದ ಆಮ್ಲಜನಕ ಕಂಪ್ರೆಸರಿನ ಎಣ್ಣೆಯನ್ನು ಸೇರಿದರೆ ಸ್ಫೋಟವಾಗುತ್ತದೆ. ಹೊರಗಿನ ಯೂನಿಟ್ಟಿನ ಎಲ್ಲ ಜೋಡಣೆಗಳಿಗೂ ಮತ್ತೊಮ್ಮೆ ಸಾಬೂನು ಹಚ್ಚಿ ನೋಡಿದ ಮೇಲೆ ಎರಡೂ ವಾಲ್ವುಗಳನ್ನು ಅಲೆನ್ ಕೀಲಿಯಿಂದ ಮುಚ್ಚಿದೆ. ಹೀಗೆ ಮುಚ್ಚಿದಾಗ ಗೇಜ್ ತೋರಿಸುವುದು ಪೈಪು ಮತ್ತು ಒಳಗಿನ ಯೂನಿಟ್ಟಿನ ಒತ್ತಡವನ್ನು ಮಾತ್ರ. ಕೋಣೆಯ ಉಷ್ಣಾಂಶ 33 ಎಂದು ಬರೆದಿಟ್ಟು ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಗೇಜ್ 322ರಲ್ಲಿತ್ತು, ಕೋಣೆ 29 ಡಿಗ್ರಿ ಇತ್ತು. ಇಳಿದ 28 ಪಿಎಸ್‌ಐ ಎಲ್ಲವೂ ಸೋರಿಕೆಯಲ್ಲ. ಗಾಳಿ ತಣ್ಣಗಾದಂತೆ ಒತ್ತಡವೂ ಇಳಿಯುತ್ತದೆ. ನಾಲ್ಕು ಡಿಗ್ರಿಗೆ ಈ ಒತ್ತಡದಲ್ಲಿ ಸುಮಾರು 5 ಪಿಎಸ್‌ಐ ಕಳೆಯಬೇಕು. ಉಳಿದ 23 ಮಾತ್ರ ನಿಜವಾದ ಕಳ್ಳ. ಈ ಲೆಕ್ಕ ತಿಳಿಯದೆ ಒಳ್ಳೆಯ ಕಾಯಿಲನ್ನು ಸೋರುತ್ತಿದೆಯೆಂದು ಬಿಚ್ಚಿದವರೂ ಇದ್ದಾರೆ, ಬೆಳಗಿನ ಹೊತ್ತು ಒತ್ತಡ ಕೊಟ್ಟು ಮಧ್ಯಾಹ್ನ ನೋಡಿ ಸೋರಿಕೆಯೇ ಇಲ್ಲವೆಂದು ಹೇಳಿದವರೂ ಇದ್ದಾರೆ.

ಒಳಗಿನ ಫ್ಲೇರ್ ನಟ್‌ಗಳಲ್ಲಿಯೂ ಗುಳ್ಳೆ ಬರಲಿಲ್ಲವಾದ್ದರಿಂದ ನೈಟ್ರೋಜನ್ ಬಿಟ್ಟು, ಪೈಪು ಕಳಚಿ, ಕೂಲಿಂಗ್ ಕಾಯಿಲನ್ನು ಹೊರತೆಗೆದೆ. ಅದನ್ನು ನೀರಿನಲ್ಲಿ ಮುಳುಗಿಸಿ ನೋಡಲು ದೊಡ್ಡ ಟಬ್ ಬೇಕಿತ್ತು. ಅಮ್ಮ ಆ ಕೋಣೆಗೇ ಸೇರಿದ ಬಚ್ಚಲುಮನೆಯ ಬಾಗಿಲು ತೆರೆದರು. ಅದು ಮಗನ ಕೋಣೆಯಾಗಿತ್ತಂತೆ. ಅವನು ಪುಣೆಗೆ ಹೋದ ಮೇಲೆ ಆ ಬಚ್ಚಲನ್ನು ಯಾರೂ ಬಳಸುತ್ತಿರಲಿಲ್ಲ. ಬಾಗಿಲು ತೆರೆದೊಡನೆ ಕೊಳೆತ ಮೊಟ್ಟೆಯ ವಾಸನೆ ಮುಖಕ್ಕೆ ಬಡಿಯಿತು. “ಹಿಂದ ನಾಲಾ ಅದ ನೋಡ್ರಿ, ಅದರದ ವಾಸನಿ” ಎಂದರು. ಕಟ್ಟಡದ ಹಿಂದೆ ನಾಲಾ ಇರುವುದು ನಿಜ, ಅದರಾಚೆ ಉಪ್ಪಿನ ಗದ್ದೆಗಳು, ಅದರಾಚೆ ಠಾಣೆ ಖಾಡಿ, ಅಂದರೆ ಕಡಲ ಹಿನ್ನೀರು. ಆದರೆ ಬಚ್ಚಲಿನ ಕಿಟಕಿ ಮುಚ್ಚಿತ್ತು, ನಾಲಾದ ಕಡೆಗೆ ತೆರೆದುಕೊಂಡಿದ್ದ ಹಾಲ್‌ನಲ್ಲಿ ಇಷ್ಟು ವಾಸನೆ ಇರಲಿಲ್ಲ. ಆ ಹೊತ್ತಿಗೆ ನಾನು ಇದಕ್ಕೆ ಹೆಚ್ಚು ಬೆಲೆ ಕೊಡಲಿಲ್ಲವೆಂದು ಒಪ್ಪಿಕೊಳ್ಳಬೇಕು.

ಕಾಯಿಲಿನ ಒಂದು ತುದಿಗೆ ಮುಚ್ಚಳ ಹಾಕಿ, ಇನ್ನೊಂದರಿಂದ 250 ಪಿಎಸ್‌ಐ ನೈಟ್ರೋಜನ್ ಕೊಟ್ಟು ಟಬ್ಬಿನಲ್ಲಿ ಮುಳುಗಿಸಿದೆವು. ಮೊದಲು ಕಾಯಿಲಿನ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಸಿಕ್ಕಿಕೊಂಡ ಗಾಳಿ ಏಳುತ್ತದೆ; ಅದನ್ನು ಕೈಯಿಂದ ತಟ್ಟಿ ಓಡಿಸಿ ನೀರು ನಿಶ್ಚಲವಾಗುವವರೆಗೆ ಕಾಯಬೇಕು. ಕಾದೆವು. ಬಲಬದಿಯಲ್ಲಿ ತಾಮ್ರದ ಪೈಪು ಬಾಗಿ ಹಿಂದಿರುಗುವ ಯು-ಬೆಂಡ್‌ಗಳಲ್ಲಿ ಕೆಳಗಿನಿಂದ ಮೂರನೆಯದರ ಹೊಟ್ಟೆಯಲ್ಲಿ ಸಾಸಿವೆಗಿಂತ ಸಣ್ಣದೊಂದು ಗುಳ್ಳೆ ಹುಟ್ಟಿ, ಉಬ್ಬಿ, ಬಿಟ್ಟುಕೊಂಡು ಮೇಲೇರಿತು. ಎಣಿಸಿದರೆ ನಾಲ್ಕು ಸೆಕೆಂಡಿಗೆ ಒಂದು. ಅದು ಸಿಕ್ಕಿತೆಂದು ಹುಡುಗ ಹಿಗ್ಗಿದ. ಇನ್ನೂ ಹತ್ತು ನಿಮಿಷ ಕಾಯೋಣವೆಂದೆ. ರೆಕ್ಕೆಗಳ ನಡುವಿನಿಂದಲೂ, ಎಲ್ಲಿಂದ ಎಂದು ಬೆರಳಿಡಲಾಗದಂತೆ, ಅರ್ಧ ನಿಮಿಷಕ್ಕೊಂದು ಗುಳ್ಳೆ ಬರುತ್ತಿತ್ತು.

ಯು-ಬೆಂಡ್‌ಗಳನ್ನು ಒರೆಸಿ ಬೆಳಕಿಗೆ ಹಿಡಿದೆ. ತಾಮ್ರ ಹಳತಾದಾಗ ಕಂದಾಗುವುದು ಸಹಜ, ಉಪ್ಪು ಗಾಳಿಗೆ ಹಸಿರಾಗುವುದೂ ಸಹಜ. ಇವು ದೀಪದ ಕಾಡಿಗೆ ಮೆತ್ತಿದ ಹಾಗೆ ಕಪ್ಪಾಗಿದ್ದವು. ಉಗುರಿನಿಂದ ಕೆರೆದಾಗ ಕಪ್ಪು ಪದರು ಹಕ್ಕಳೆಯಾಗಿ ಎದ್ದಿತು, ಅದರ ಕೆಳಗೆ ಸೂಜಿಮೊನೆಯಿಂದ ಚುಚ್ಚಿದಂಥ ಕುಳಿಗಳು ಕಂಡವು. ಗಂಧಕದ ಅನಿಲ ತಾಮ್ರವನ್ನು ತಿಂದಾಗ ಉಳಿಯುವ ಗುರುತು ಇದು. ಇದಕ್ಕೆ ನಿಕಟವಾದ ಇನ್ನೊಂದು ರೋಗವೂ ಇದೆ: ಕೆಲವು ಪ್ಲೈವುಡ್ ಅಂಟುಗಳಿಂದ, ಶುಚಿಗೊಳಿಸುವ ದ್ರವಗಳಿಂದ ಬರುವ ಸಾವಯವ ಆಮ್ಲಗಳು ತಾಮ್ರದ ಗೋಡೆಯೊಳಗೆ ಇರುವೆಗೂಡಿನಂತೆ ಸುರಂಗ ಕೊರೆಯುತ್ತವೆ, ಅದು ಸೂಕ್ಷ್ಮದರ್ಶಕದಲ್ಲಷ್ಟೇ ಸರಿಯಾಗಿ ಕಾಣುತ್ತದೆ. ರೆಕ್ಕೆಗಳ ನಡುವಿನ ಸೋರಿಕೆ ಅದರಿಂದಲೂ ಆಗಿರಬಹುದು, ಆದರೆ ಯು-ಬೆಂಡ್‌ನ ಕಪ್ಪಿನ ವಿಷಯದಲ್ಲಿ ನನಗೆ ಸಂಶಯ ಉಳಿಯಲಿಲ್ಲ.

ಕಾಯಿಲನ್ನು ಹಿಡಿದು ಹೊರಬರುವಾಗ ಕೋಣೆಯ ಮೂಲೆಯಲ್ಲಿದ್ದ ದೇವರ ಮಂಟಪದ ಮುಂದೆ ಅಮ್ಮ ಬೆಳ್ಳಿಯ ದೀಪವನ್ನು ವಿಭೂತಿಯಿಂದ ತಿಕ್ಕುತ್ತಿದ್ದರು. ವಾರಕ್ಕೆ ಎರಡು ಸಲ ತಿಕ್ಕಿದರೂ ಕಪ್ಪಾಗುತ್ತದೆ, ಮೊದಲು ಹೀಗಿರಲಿಲ್ಲ, ಈಗಿನ ಬೆಳ್ಳಿಯೇ ಸರಿಯಿಲ್ಲ ಎಂದರು. ದೀಪ ಈಗಿನದೇ ಎಂದು ಕೇಳಿದೆ. ಅವರ ತವರಿನಿಂದ ಬಂದದ್ದಂತೆ, ಐವತ್ತು ವರ್ಷದ್ದು. ಹಾಲ್‌ನ ಶೋಕೇಸಿನಲ್ಲಿ ಒಂದು ಬೆಳ್ಳಿಯ ಕುಂಕುಮ ಭರಣಿ ಇತ್ತು. ಅದನ್ನು ದಸರೆಗೆ ತಿಕ್ಕಿದ್ದು ಬಿಟ್ಟರೆ ಮುಟ್ಟಿಲ್ಲ, ಆದರೂ ಬೆಳ್ಳಗಿತ್ತು. ಬೆಳ್ಳಿಯನ್ನು ಕಪ್ಪಾಗಿಸುವುದೂ ತಾಮ್ರವನ್ನು ಕಪ್ಪಾಗಿಸುವುದೂ ಅದೇ ಗಂಧಕದ ಅನಿಲ, ಕೊಳೆತ ಮೊಟ್ಟೆಯ ವಾಸನೆಯದು.

ನಾನು ಬಚ್ಚಲಿಗೆ ವಾಪಸು ಹೋಗಿ ಮೂಲೆಯಲ್ಲಿದ್ದ ನಹಾನಿ ಟ್ರ್ಯಾಪ್‌ನ ಜಾಲರಿ ಎತ್ತಿ ಟಾರ್ಚ್ ಹಾಕಿದೆ. ಮುಂಬಯಿಯ ಪ್ಲಂಬರುಗಳು ಹೀಗೆ ಕರೆಯುವ ಈ ತಗ್ಗಿನಲ್ಲಿ ಯಾವಾಗಲೂ ಒಂದಿಷ್ಟು ನೀರು ನಿಂತಿರಬೇಕು. ಚರಂಡಿಯ ಗಾಳಿ ಮನೆಯೊಳಗೆ ಬಾರದಂತೆ ತಡೆಯುವ ಬೀಗ ಆ ನೀರೇ. ಇಲ್ಲಿ ತಳ ಒಣಗಿ ಬಿರುಕುಬಿಟ್ಟಿತ್ತು, ಜೇಡ ಬಲೆ ಕಟ್ಟಿತ್ತು. ಬಳಸದ ಬಚ್ಚಲಿನಲ್ಲಿ ಆ ನೀರು ಆರಿಹೋಗುತ್ತದೆ. ಕಟ್ಟಡದ ಮಲಿನ ಪೈಪಿನ ಅನಿಲ ನೇರವಾಗಿ ಬಚ್ಚಲಿಗೆ, ಬಾಗಿಲಿನ ಸಂದಿಯಿಂದ ಕೋಣೆಗೆ, ಕೋಣೆಯಿಂದ ಎಸಿಗೆ ಬರುತ್ತಿತ್ತು. ಕಿಟಕಿ ಬಾಗಿಲು ಮುಚ್ಚಿ ರಾತ್ರಿಯಿಡೀ ಅದೇ ಗಾಳಿಯನ್ನು ತಿರುಗಿಸುವ ಯಂತ್ರದ ಒದ್ದೆ ಕಾಯಿಲ್ ಮೇಲೆ ಆ ಅನಿಲ ನೀರಿನಲ್ಲಿ ಕರಗಿ ಕೆಲಸ ನಡೆಸುತ್ತಿತ್ತು.

ರಾಯರಿಗೆ ಬೆಸುಗೆ ಹಾಕಿ ಮುಗಿಸುವುದು ಇಷ್ಟವಿತ್ತು. ಯು-ಬೆಂಡ್ ಒಂದನ್ನು ಬದಲಿಸುವುದು ಕಷ್ಟವೇನಲ್ಲ. ಪೈಪಿನೊಳಗೆ ನೈಟ್ರೋಜನ್ ಮೆಲ್ಲಗೆ ಹರಿಸುತ್ತ ರಂಜಕ ಬೆರೆತ ತಾಮ್ರದ ಕಡ್ಡಿಯಿಂದ ಬೆಸೆದರೆ ಒಳಗೆ ಕಪ್ಪು ಪೊರೆ ಕಟ್ಟುವುದಿಲ್ಲ, ಕೆಲಸ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ರೆಕ್ಕೆಗಳ ನಡುವಿನ ಸೋರಿಕೆಯನ್ನು ಬೆಸೆಯಲು ಜ್ವಾಲೆ ಅಲ್ಲಿಗೆ ಹೋಗುವುದಿಲ್ಲ, ಉಳಿದ ಯು-ಬೆಂಡ್‌ಗಳ ಗೋಡೆಯೂ ಅಷ್ಟೇ ತೆಳುವಾಗಿದೆ. ಜೀರ್ಣವಾದ ಧೋತರಕ್ಕೆ ತೇಪೆ ಹಾಕಿದರೆ ತೇಪೆಯ ಪಕ್ಕದಲ್ಲೇ ಹರಿಯುತ್ತದೆ ಎಂದಾಗ ರಾಯರು ನಕ್ಕು ಒಪ್ಪಿದರು. ಕಾಯಿಲ್, ಗ್ಯಾಸ್, ಕೂಲಿ ಎಲ್ಲ ಸೇರಿ 13,400 ರೂಪಾಯಿ ಎಂದು ಬರೆದುಕೊಟ್ಟೆ. ಹೊಸ ಕಾಯಿಲ್ ಬರಲು ಆರು ದಿನ ಬೇಕಿತ್ತು.

ಆ ಆರು ದಿನಗಳನ್ನು ಒಂದು ಪರೀಕ್ಷೆಗೆ ಬಳಸಿಕೊಂಡೆ. ಚೀಲದಲ್ಲಿದ್ದ ಅರ್ಧ ಇಂಚಿನ ಪೈಪಿನ ತುಂಡನ್ನು ಸೀಳಿ, ಬಡಿದು ಚಪ್ಪಟೆ ಮಾಡಿ, ಸಣ್ಣ ಎಮೆರಿ ಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಸ್ಪಿರಿಟ್‌ನಿಂದ ಒರೆಸಿ ಎರಡು ಪಟ್ಟಿಗಳನ್ನು ಮಾಡಿದೆ. ಬೆರಳು ತಾಗಿದರೆ ಬೆವರಿನ ಉಪ್ಪೇ ಕಲೆ ಮಾಡುವುದರಿಂದ ಚಿಮುಟದಲ್ಲಿ ಹಿಡಿದು ದಾರ ಕಟ್ಟಿದೆ. ಒಂದನ್ನು ಹಾಲ್‌ನಲ್ಲಿ, ಇನ್ನೊಂದನ್ನು ಆ ಕೋಣೆಯಲ್ಲಿ ತೂಗುಹಾಕಿ, ಟ್ರ್ಯಾಪಿಗೆ ಈಗಲೇ ನೀರು ಹಾಕಬೇಡಿರೆಂದೂ ಕೋಣೆಯ ಬಾಗಿಲು ಮುಚ್ಚಿಟ್ಟು ಹಾಲ್‌ನಲ್ಲೇ ಮಲಗಿರೆಂದೂ ಹೇಳಿದೆ. ಚರಂಡಿಯ ಗಾಳಿಯನ್ನು ಬೇಕೆಂದೇ ಬಿಟ್ಟುಕೊಳ್ಳುವುದು ಸರಿಯೇ ಎಂದು ಮನಸ್ಸು ಅಳುಕಿತು. ಆದರೆ ನಾಲಾ ಕಾರಣವೋ ಟ್ರ್ಯಾಪ್ ಕಾರಣವೋ ತಿಳಿಯದೆ ಹೊಸ ಕಾಯಿಲ್ ಹಾಕಿದರೆ ಮೂರು ವರ್ಷದ ಮೇಲೆ ನಾನೇ ಮತ್ತೆ ಅದೇ ಏಣಿ ಹತ್ತಬೇಕು.

ಏಳನೆಯ ದಿನ ಹೋದಾಗ ಹಾಲ್‌ನ ಪಟ್ಟಿ ತುಸು ಮಂಕಾಗಿ ಹಳೆಯ ಪೈಸೆಯ ಬಣ್ಣಕ್ಕೆ ತಿರುಗಿತ್ತು. ಕೋಣೆಯ ಪಟ್ಟಿ ನೇರಳೆಯಿಂದ ಕಪ್ಪಿಗೆ ಹೋಗಿತ್ತು. ರಾಯರು ಎರಡನ್ನೂ ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದರು. ಬಕೆಟ್ ನೀರನ್ನು ತಾವೇ ತಂದು ಟ್ರ್ಯಾಪಿಗೆ ಸುರಿದರು. ಅದರ ಮೇಲೆ ನಾನು ಎರಡು ಚಮಚ ಲಿಕ್ವಿಡ್ ಪ್ಯಾರಾಫಿನ್ ಹಾಕಿದೆ. ಆ ತೆಳುಪದರು ನೀರು ಆರುವುದನ್ನು ನಿಧಾನಿಸುತ್ತದೆ. ಅಡುಗೆ ಎಣ್ಣೆ ಹಾಕಿದರೆ ಕೆಲವೇ ದಿನಗಳಲ್ಲಿ ಕಮಟು ಹಿಡಿಯುತ್ತದೆ.

ಹೊಸ ಕಾಯಿಲ್‌ನ ಮುಚ್ಚಳ ಸಡಿಲಿಸಿದಾಗ ‘ಸುಯ್’ ಎಂದು ಸದ್ದು ಬಂತು. ಕಾರ್ಖಾನೆಯಲ್ಲಿ ತುಂಬಿಸಿದ ಅನಿಲ ಇನ್ನೂ ಒಳಗಿದೆ, ಅಂದರೆ ಸೋರಿಕೆಯಿಲ್ಲ, ಒಳಗೆ ತೇವ ಸೇರಿಲ್ಲ. ಸದ್ದು ಬಾರದ ಕಾಯಿಲನ್ನು ನಾನು ಅಂಗಡಿಗೇ ಮರಳಿಸುತ್ತೇನೆ. ಇದರ ಅಲ್ಯೂಮಿನಿಯಂ ರೆಕ್ಕೆಗಳಿಗೆ ನೀಲಿ ಲೇಪನವಿತ್ತು. ಅಂಗಡಿಯವರು ಇದನ್ನು ತೋರಿಸಿ ತುಕ್ಕೇ ಹಿಡಿಯದೆನ್ನುತ್ತಾರೆ; ಆ ನೀಲಿ ಕಾಯುವುದು ರೆಕ್ಕೆಗಳನ್ನು, ಹೊರಗೆ ಇಣುಕುವ ತಾಮ್ರದ ಯು-ಬೆಂಡ್‌ಗಳನ್ನಲ್ಲ. ನೈಟ್ರೋಜನ್ ಪರೀಕ್ಷೆ ಮುಗಿಸಿ, ಯು-ಬೆಂಡ್‌ಗಳಿಗಷ್ಟೇ ಕಾಯಿಲ್‌ಗೆಂದೇ ಸಿಗುವ ಪಾರದರ್ಶಕ ಲೇಪನವನ್ನು ಬ್ರಷ್‌ನಿಂದ ಹಚ್ಚಿ ಒಣಗಲು ಬಿಟ್ಟೆ.

ಹಳೆಯ ಫ್ಲೇರ್‌ಗಳನ್ನು, ಅಂದರೆ ಪೈಪಿನ ಅಗಲಿಸಿದ ಬಾಯಿಗಳನ್ನು, ಕತ್ತರಿಸಿ ಹೊಸದಾಗಿ ಮಾಡಿದೆ. ಒಳಗಿನ ಅಂಚಿನ ಚೂರನ್ನು ಕೆರೆಯುವಾಗ ಪೈಪಿನ ಬಾಯಿ ಕೆಳಮುಖವಾಗಿರಬೇಕು, ಇಲ್ಲದಿದ್ದರೆ ತಾಮ್ರದ ಪುಡಿ ಕಂಪ್ರೆಸರಿಗೆ ಹೋಗುತ್ತದೆ. ನಟ್ ಬಿಗಿಯಲು ಬಿಗಿತವನ್ನು ಅಳೆಯುವ ಟಾರ್ಕ್ ಪಾನಾ (ಸ್ಪ್ಯಾನರ್) ಬಳಸಿದೆ. ಕಾಲಿಂಚಿನದಕ್ಕೆ 16, ಅರ್ಧ ಇಂಚಿನದಕ್ಕೆ 55 ನ್ಯೂಟನ್-ಮೀಟರ್. ಕೈಯ ಅಂದಾಜಿನಲ್ಲಿ ಬಿಗಿಯುವ ಹಿರಿಯರ ಮೇಲೆ ನನಗೆ ಗೌರವವಿದೆ, ಆದರೆ ದಿನದ ಹತ್ತನೆಯ ಮನೆಯಲ್ಲಿ ಯಾರ ಕೈಯೂ ಒಂದೇ ಸಮ ಇರುವುದಿಲ್ಲ.

ಪಂಪಿನಿಂದ ಪೈಪಿನೊಳಗಿನ ಗಾಳಿ ಎಳೆದು ವ್ಯಾಕ್ಯೂಮ್ ಮಾಡುವುದರಲ್ಲಿ ಅರ್ಧ ದಿನ ಹೋಯಿತು. ಪೈಪಿನೊಳಗಿನ ತೇವ 30 ಡಿಗ್ರಿಯ ಕೋಣೆಯಲ್ಲಿ ಕುದಿದು ಆವಿಯಾಗಬೇಕಾದರೆ ಒತ್ತಡ ಹೊರಗಿನ ಗಾಳಿಯ 7,60,000 ಮೈಕ್ರಾನ್‌ನಿಂದ (ಇಲ್ಲಿ ಮೈಕ್ರಾನ್ ಎಂದರೆ ಒತ್ತಡದ ಅಳತೆ, ಪಾದರಸದ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲು) ಸುಮಾರು 32,000ಕ್ಕೆ ಇಳಿಯಬೇಕು. ಪೂರ್ತಿ ಒಣಗಬೇಕಾದರೆ 500ರ ಕೆಳಗೆ ಹೋಗಿ ಅಲ್ಲೇ ನಿಲ್ಲಬೇಕು. ಸಾಮಾನ್ಯ ಗೇಜಿನ ಮುಳ್ಳು ಇದನ್ನು ತೋರಿಸಲಾರದು, ಅದಕ್ಕೆ ಮೈಕ್ರಾನ್ ಗೇಜ್ ಬೇಕು. ಆರ್-32 ಯಂತ್ರಗಳ ಎಣ್ಣೆ ತೇವವನ್ನು ಹೀರಿಕೊಂಡು ಕ್ರಮೇಣ ಆಮ್ಲವಾಗುವುದರಿಂದ ಈ ಹಂತದಲ್ಲಿ ಅವಸರ ಮಾಡಿದರೆ ಎರಡು ಮೂರು ವರ್ಷದಲ್ಲಿ ಕಂಪ್ರೆಸರ್ ಕೂಗುತ್ತದೆ. ಐವತ್ತು ನಿಮಿಷವಾದರೂ 900ರಿಂದ ಕೆಳಗಿಳಿಯಲಿಲ್ಲ. ಪಂಪಿನ ಎಣ್ಣೆಯ ಕಿಂಡಿ ನೋಡಿದರೆ ಎಣ್ಣೆ ಮಜ್ಜಿಗೆಯಂತಾಗಿತ್ತು; ಹಿಂದಿನ ಮನೆಯ ನೀರೆಲ್ಲ ಅದರಲ್ಲಿತ್ತು, ತಪ್ಪು ನನ್ನದೇ. ಎಣ್ಣೆ ಬದಲಿಸಿ ಮತ್ತೆ ಎಳೆದಾಗ 480ಕ್ಕೆ ಬಂತು. ಪಂಪನ್ನು ಬೇರ್ಪಡಿಸಿ ಹದಿನೈದು ನಿಮಿಷ ನೋಡಿದೆ: 1,100ಕ್ಕೆ ಏರಿ ಅಲ್ಲೇ ನಿಂತಿತು. ನಿಲ್ಲದೆ ಏರುತ್ತಲೇ ಹೋಗಿದ್ದರೆ ಸೋರಿಕೆ, ಏರಿ ನಿಂತರೆ ತೇವ. ಒಣ ನೈಟ್ರೋಜನ್ ಒಮ್ಮೆ ತುಂಬಿಸಿ ಬಿಟ್ಟು ಮತ್ತೆ ವ್ಯಾಕ್ಯೂಮ್ ಕೊಟ್ಟ ಮೇಲೆ 360ಕ್ಕೆ ಇಳಿದು, 430ರಲ್ಲಿ ನಿಂತುಕೊಂಡಿತು.

ಆರ್-32 ಸುಲಭವಾಗಿ ಅಲ್ಲವಾದರೂ ಬೆಂಕಿ ಹಿಡಿಯುವ ಗ್ಯಾಸ್. ಸಂಜೆಯಾಗಿದ್ದರಿಂದ ಅಮ್ಮ ದೇವರಿಗೆ ದೀಪ ಹಚ್ಚಲು ಬತ್ತಿ ಹೊಸೆಯುತ್ತಿದ್ದರು. ಅರ್ಧ ಗಂಟೆ ತಡೆಯಿರೆಂದು ಬೇಡಿಕೊಂಡು, ಕಿಟಕಿ ತೆರೆದು, ಫ್ಯಾನ್ ಹಾಕಿ, ತಕ್ಕಡಿಯ ಮೇಲೆ ಸಿಲಿಂಡರ್ ಇಟ್ಟು ಫಲಕದಲ್ಲಿದ್ದಷ್ಟೇ 880 ಗ್ರಾಂ ತುಂಬಿಸಿದೆ. ಪೈಪು ನಾಲ್ಕೇ ಮೀಟರ್ ಇದ್ದದ್ದರಿಂದ ಹೆಚ್ಚುವರಿ ಬೇಕಿರಲಿಲ್ಲ. ಇಪ್ಪತ್ತೈದು ನಿಮಿಷ ಪೂರ್ಣ ವೇಗದಲ್ಲಿ ಓಡಿದ ಮೇಲೆ ಸಕ್ಷನ್ 124 ಪಿಎಸ್‌ಐ, ಒಳಹೋಗುವ ಗಾಳಿ 30, ಹೊರಬರುವ ಗಾಳಿ 17 ಡಿಗ್ರಿ. ತೆಳು ಪೈಪು ಬೆವರಿತ್ತು, ಮಂಜು ಇರಲಿಲ್ಲ. ಡ್ರೇನ್ ಪೈಪಿನ ಕೆಳಗಿಟ್ಟ ಬಾಟಲಿಯಲ್ಲಿ ಮುಕ್ಕಾಲು ಗಂಟೆಗೆ ಒಂದು ಲೀಟರ್ ನೀರು ಕೂಡಿತು. ರಿಮೋಟನ್ನು 25ಕ್ಕೆ ಇಟ್ಟಾಗ ಕ್ಲ್ಯಾಂಪ್ ಮೀಟರಿನಲ್ಲಿ ಕರೆಂಟ್ 6.2 ಆಂಪಿಯರಿನಿಂದ ಮೆಲ್ಲಗೆ 2ಕ್ಕೆ ಇಳಿಯಿತು. ಅಮ್ಮ ದೀಪ ಹಚ್ಚಿದರು. ಹೊಸದಾಗಿ ಉಜ್ಜಿದ ಒಂದು ತಾಮ್ರದ ಪಟ್ಟಿಯನ್ನು ಮಂಟಪದ ಪಕ್ಕದ ಮೊಳೆಗೆ ಕಟ್ಟಿ ಬಂದೆ.

ಜೂನ್ ಮೂರನೆಯ ವಾರ, ಮಳೆ ಹಿಡಿದ ಮೇಲೆ ಮತ್ತೆ ಹೋದೆ. ಗೇಜ್ ಜೋಡಿಸಲಿಲ್ಲ, ಪ್ರತಿ ಸಲ ಜೋಡಿಸಿ ಬಿಚ್ಚುವಾಗಲೂ ಸ್ವಲ್ಪ ಗ್ಯಾಸ್ ಹೋಗುತ್ತದೆ, ಥರ್ಮಾಮೀಟರ್ ಹೇಳುವುದನ್ನು ತಿಳಿಯಲು ಅದನ್ನು ಕಳೆಯಬೇಕಾಗಿಲ್ಲ. ವ್ಯತ್ಯಾಸ 12 ಡಿಗ್ರಿ ಇತ್ತು. ರಾಯರು ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಸೋಮವಾರಕ್ಕೂ ‘ಟ್ರ್ಯಾಪ್ ನೀರು’ ಎಂದು ಬ್ಯಾಂಕಿನ ಅಕ್ಷರದಲ್ಲಿ ಬರೆದು ಗೀಟು ಹಾಕಿದ್ದರು. ಪಟ್ಟಿ ನಾಲ್ಕು ವಾರದ ಮೇಲೂ ಕೆಂಪು ಕಂದಾಗಿಯೇ ಇತ್ತು, ಅಂಚಿನಲ್ಲಿ ಮಾತ್ರ ಸ್ವಲ್ಪ ಮಂಕು. ಅಷ್ಟು ಪಾಲು ನಾಲಾದ್ದೇ ಇರಬೇಕು, ಅದಕ್ಕೆ ನನ್ನ ಬಳಿ ಪಾನಾ ಇಲ್ಲ. ದೀಪವನ್ನು ಹದಿನೈದು ದಿನದಿಂದ ತಿಕ್ಕಿಲ್ಲವೆಂದು ಅಮ್ಮ ತೋರಿಸಿದರು. ಮೂರೂ ಪಟ್ಟಿಗಳನ್ನು ಸರ್ವಿಸ್ ಕಾರ್ಡಿಗೆ ಅಂಟಿಸಿ, ಪಕ್ಕದಲ್ಲಿ ತಾರೀಖು ಮತ್ತು 880 ಗ್ರಾಂ ಎಂದು ಬರೆದು, ರಾಯರ ಕಡತಕ್ಕೆ ಕೊಟ್ಟೆ.